ಔಟ್‌ಟರ್ನ್

ಐವತ್ತು ಕೆ.ಜಿ. ಚೆರ್ರಿಗೆ ಎಷ್ಟು ಬೇಳೆ ಬೀಳುತ್ತದೆಂದು
ಒಂದು ಹಿಡಿ ಕಿವಿಯ ಹತ್ತಿರ ಕುಲುಕಿ ಹೇಳಿಬಿಡುವ
ತೂಕದ ಬಿದ್ದಪ್ಪ,
ಗೋಣಿಕೊಪ್ಪದ ಕ್ಯೂರಿಂಗಿನಲ್ಲಿ ಮೂವತ್ತೊಂದು ವರ್ಷ ಕಾಟಾ ಹಿಡಿದವನು,
ಈಗ ನಮ್ಮ ಪಂಚಾಯ್ತಿಯನ್ನು ಕುಲುಕುತ್ತಾನೆ.

ಎದುರುಪಕ್ಷದವರು ಅಧ್ಯಕ್ಷರಾಗುವುದು ಯಾವಾಗ?
ಇಸುಬಣ್ಣನ ಕ್ಯಾಂಟೀನಿನಲ್ಲಿ ಪ್ರತಿ ಭಾನುವಾರ ಇದೇ,
ಪರೋಟ ಬರುವ ಮೊದಲು.
ಹನ್ನೊಂದು ಸೀಟು. ಅವರು ಎಂಟು, ಇವರು ಮೂರು.
ಇಪ್ಪತ್ತೈದು ವರ್ಷದಲ್ಲಿ ಎಂಟು ಒಂಬತ್ತಾಗಿದೆ, ಏಳಾಗಿದೆ,
ಆರಕ್ಕೆ ಐದು ಎನ್ನುವಷ್ಟು ಹತ್ತಿರ ಬಂದದ್ದು ಒಮ್ಮೆ.
ಇತ್ತ ಬರುತ್ತೇನೆಂದ ಆರನೆಯವನು
ಬೆಳಿಗ್ಗೆ ಕುಟ್ಟದ ಕಡೆಯ ಜೀಪು ಹತ್ತಿ
ತೋಲ್ಪೆಟ್ಟಿ ದಾಟಿದವನು ಮೂರು ದಿನ ಸಿಗಲಿಲ್ಲ.

ಬಿದ್ದಪ್ಪನ ಲೆಕ್ಕ ಬೇರೆ.
"ಗಿಡ ಒಂದು ವರ್ಷ ತುಂಬಿ ಕಾಯಿ ಹಿಡಿದರೆ
ಮರುವರ್ಷ ಸೊರಗಬೇಕು. ಪಕ್ಷವೂ ಗಿಡವೇ.
ಇಷ್ಟು ಸಲ ಒಂದೇ ಸಮ ಹಿಡಿದ ರೆಕ್ಕೆ ನಾನು ಕಂಡಿಲ್ಲ,
ಒಳಗೆ ಕೊರಕ ಹೊಕ್ಕಿದೆ, ಹಸಿರು ಮೇಲೆ ಮಾತ್ರ.
ಎರಡು ಸಾವಿರದ ಮೂವತ್ತೊಂಬತ್ತು, ಹೂಮಳೆಯ ಹೊತ್ತಿಗೆ.
ಬರೆದಿಟ್ಟುಕೋ."

ನಾನು ಬರೆದಿಟ್ಟುಕೊಳ್ಳಲಿಲ್ಲ.
ನಾನು ಪಂಚಾಯ್ತಿಯ ನೀರುಗಂಟಿ. ನನ್ನ ಪುಸ್ತಕದಲ್ಲಿ
ವಾಲ್ವು ತಿರುಗಿಸಿದ ಹೊತ್ತು ಮಾತ್ರ ಇರುತ್ತದೆ,
ಅದೂ ಎಲ್ಲ ನಿಜವಲ್ಲ.
ಆದರೂ ಒಂದು ಕೆ.ಜಿ. ಒಳ್ಳೆಮೆಣಸು ಬಾಜಿ ಕಟ್ಟಿದೆ:
ಅದಕ್ಕೂ ಮುಂಚೆ.
ಕಾರಣವೇನೂ ಇರಲಿಲ್ಲ. ಅಷ್ಟು ಗಟ್ಟಿಯಾಗಿ ಹೇಳುವವರ ಎದುರು
ಸುಮ್ಮನಿರಲಾಗುವುದಿಲ್ಲ ನನಗೆ.

ಕಕ್ಕಡದಲ್ಲಿ, ಮದ್ದುಸೊಪ್ಪಿನ ಮರುದಿನ,
ಊರಿನವರ ಉಚ್ಚೆ ಇನ್ನೂ ಕೆಂಪಗಿರುವಾಗ
ಮಡಿಕೇರಿಯಿಂದ ಮೀಸಲಾತಿ ಪಟ್ಟಿ ಬಂತು.
ನಮ್ಮ ಹೆಸರಿನೆದುರು ಒಂದೇ ಸಾಲು:
ಅಧ್ಯಕ್ಷ ಸ್ಥಾನ, ಪರಿಶಿಷ್ಟ ಪಂಗಡ, ಮಹಿಳೆ.
ಕಾರ್ಯದರ್ಶಿ ಓದಿ, ಕನ್ನಡಕ ಒರೆಸಿ, ಮತ್ತೆ ಓದಿದರು.
ಎಂಟರಲ್ಲಿ ಅಂಥವರಿಲ್ಲ.
ಮೂರರಲ್ಲಿ ಒಬ್ಬಳು,
ಪೈಸಾರಿಯ ಎರವರ ಬೊಳ್ಳಿ.
ನಾಮಪತ್ರದ ಕೊನೆಯ ದಿನ ಬೇರೆ ಯಾರೂ ಸಿಗದೆ
ಕಾಫಿ ಕುಯ್ಯುವ ಸಾಲಿನಿಂದ ಕರೆದು
ಸೊಂಟದ ಚೀಲ ಬಿಚ್ಚಲೂ ಬಿಡದೆ ನಿಲ್ಲಿಸಿದ್ದರು.
ಎರಡು ಓಟಿನಲ್ಲಿ ಗೆದ್ದಳು. ಮೀಟಿಂಗಿಗೆ ಬಂದಾಗೆಲ್ಲ
ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು
ಸಹಿ ಹಾಕುವ ಜಾಗ ನನ್ನನ್ನು ಕೇಳುವವಳು.

ಅವಿರೋಧ.
ಎದುರುಪಕ್ಷದ ಪೂವಯ್ಯ, ಗೆದ್ದದ್ದು ತಾನೇ ಎಂಬಂತೆ
ಬಸ್‌ಸ್ಟಾಂಡಿನಲ್ಲಿ ಹತ್ತು ಸಾವಿರದ ಮಾಲೆ ಪಟಾಕಿ ಹಚ್ಚಿದ.
ಸದ್ದು ಕೇಳಿದ ಪೈಸಾರಿಯವರು
ಆನೆ ಇಳಿದಿದೆ ಎಂದುಕೊಂಡು
ಮಕ್ಕಳನ್ನು ಒಳಗೆಳೆದು ಬಾಗಿಲು ಹಾಕಿದರು.
ಅಧ್ಯಕ್ಷೆ ಮನೆಗೆ ಹೋಗಿ ಬಡಿದಾಗ
ಒಳಗಿನಿಂದ ಅತ್ತೆ: "ಹೋಯಿತಾ ಅದು?"

ಬಿದ್ದಪ್ಪ ಮೆಣಸು ಕೊಡಲಿಲ್ಲ.
"ಇದು ಗೆದ್ದದ್ದಲ್ಲ, ಜರಡಿಯಲ್ಲಿ ಉಳಿದದ್ದು.
ಎಂಟು ಎಂಟೇ, ಮೂರು ಮೂರೇ.
ಮೂವತ್ತೊಂಬತ್ತು ಮೂವತ್ತೊಂಬತ್ತೇ."
ಇಸುಬಣ್ಣ ಯಾರ ಕಡೆಗೂ ಸಾಕ್ಷಿ ಹೇಳದೆ ಹಿಟ್ಟು ಬಡಿದ.
ಇರಬಹುದು.
ಆದರೆ ಜರಡಿಯಲ್ಲಿ ಉಳಿದದ್ದನ್ನೇ ಅಲ್ಲವೇ ಅವನು
ಮೂವತ್ತೊಂದು ವರ್ಷ ಕಾಟಾಕ್ಕೆ ಹಾಕಿದ್ದು, ದರ ಬರೆದದ್ದು?
ಇದು ನನಗೆ ಹೊಳೆದದ್ದು
ಸೈಕಲ್ಲು ಮನೆ ಮುಟ್ಟಿದ ಮೇಲೆ.

ಮೊದಲ ಮೀಟಿಂಗು. ಎಂಟು ಜನ ಕಾಫಿ ಕುಡಿದು ಎದ್ದು ಹೋದರು.
ಕೋರಂ ಇಲ್ಲ, ಎಂದು ಕಾರ್ಯದರ್ಶಿ ಬರೆದು ಅವರೂ ಹೋದರು.
ಲೋಟ ಎತ್ತುತ್ತಿದ್ದೆ.
"ಇದು ಎಷ್ಟು ದಿನ?" ಕುರ್ಚಿಯ ಕೈ ತಟ್ಟಿ ಕೇಳಿದಳು.
ಮೂವತ್ತು ತಿಂಗಳು ಎಂದೆ.
ಬೆರಳು ಮಡಚಿದಳು: "ಎರಡು ಕುಯ್ಲು. ಮೂರನೆಯದು ಅರ್ಧ."
ಗೋಡೆಯ ನಕ್ಷೆ ನೋಡಿದಳು. ಅದರಲ್ಲಿ ಪೈಸಾರಿ ಇಲ್ಲ.
ಆಮೇಲೆ ನನ್ನನ್ನು.
"ನಮ್ಮ ನಲ್ಲಿಗೆ ನಾಳೆ ನೀರು ಎಷ್ಟೊತ್ತಿಗೆ?"

ನೋಡೋಣ ಎಂದೆ, ಎಲ್ಲರಿಗೂ ಹೇಳುವಂತೆ.
ಅವಳು ಏಳಲಿಲ್ಲ.
ಹೊರಗೆ ಟ್ಯಾಂಕು ತುಂಬಿ ಸೋರುವುದು ಕೇಳಿಸುತ್ತಿತ್ತು.
ಆರಕ್ಕೆ, ಎಂದೆ.
ನನ್ನ ಪುಸ್ತಕ ಎಳೆದುಕೊಂಡು
ಸಹಿಯ ಜಾಗ ನಾನು ತೋರಿಸುತ್ತಿದ್ದ ಹಾಗೇ ಬೆರಳಿಟ್ಟಳು:
"ಇಲ್ಲಿ ಬರಿ."