ಮೂವತ್ತನಾಲ್ಕು ಚೂರು

ಆ ವರ್ಷ ಚರ್ಚಾಕೂಟದ ನಡಾವಳಿ ಬರೆಯುವವನು ನಾನು.
ದೀಪಕ್ಕೆ ಎಣ್ಣೆ ತರುವವನೂ ನಾನೇ.
ಅರಮನೆಯ ಸುತ್ತ ಕರೆಂಟು ಬಂದು ನಾಲ್ಕು ವರ್ಷವಾಗಿತ್ತು;
ನಮ್ಮ ಹಾಸ್ಟೆಲಿನ ಅಟ್ಟಕ್ಕೆ ಅದಿನ್ನೂ ಮೆಟ್ಟಿಲು ಹತ್ತಿರಲಿಲ್ಲ.

ಶಿವರಾಂಪೇಟೆಯಲ್ಲಿ ಪುಟ್ಟಚೆನ್ನಶೆಟ್ಟರು
ಅಮೆರಿಕದ ತಗಡಿನ ಡಬ್ಬ ಓರೆ ಮಾಡಿ,
ಲಾಳಿಕೆಯಲ್ಲಿ ಇಳಿಯುವುದನ್ನೇ ನೋಡುತ್ತ ಅಂದರು:
"ಬಾಟ್ಲಿಗೆ ಮೂರು ಕಾಸು ಏರೈತೆ. ನಂದಲ್ಲ, ಏಜೆಂಟ್ರ ಬೆಲೆ.
ಹೋದ ವರ್ಸ ಇಳಿಸಿದ್ರಲ್ಲ,
ಆ ಇಳುವಿನಾಗೇ ಗಾಣದೋರು ಮುಗುದೋದ್ರು."

ಅಂದಿನ ವಿಷಯ:
ಎಣ್ಣೆ ಕಂಪನಿಯನ್ನು ಅಲ್ಲಿನ ನ್ಯಾಯಾಲಯ ಒಡೆದದ್ದು ಸರಿಯೆ?

ಮೇಲುಕೋಟೆಯ ಸಂಪತ್ಕುಮಾರ ಎದ್ದ.
ಹಡಗಿನಲ್ಲಿ ಬಂದ, ಎರಡು ತಿಂಗಳು ಹಳಸಿದ ಪತ್ರಿಕೆ ಕೈಯಲ್ಲಿ.
ರೈಲಿನವರಿಂದ ಗುಟ್ಟಿನ ರಿಯಾಯಿತಿ, ಎದುರಾಳಿಯ ಪೀಪಾಯಿಗೆ ದುಪ್ಪಟ್ಟು ಬಾಡಿಗೆ,
ಎಲ್ಲ ಬಾಯಿಪಾಠ. ಮೇಜು ಗುದ್ದಿದ,
ದೀಪದ ಗಾಜು ಗಡಗಡ ಅಂದಿತು.
"ಒಡೆಯಬೇಕಿತ್ತು, ಒಡೆದರು!"

ಮಳವಳ್ಳಿಯ ಬಿಳಿಗಿರಯ್ಯ ನಿಧಾನದವನು. ನಶ್ಯ ಏರಿಸಿ,
"ಸ್ವಾಮಿ, ಆನೆ ಕಡಿದರೆ ಮೂವತ್ತನಾಲ್ಕು ಆಡು ಹುಟ್ಟುವುದಿಲ್ಲ.
ದೊಡ್ಡದು ಇರಲಿ. ಅಂಕುಶ ಬೇಕು.
ಸರ್ಕಾರ ಒಬ್ಬ ಮಾವುತನನ್ನು ನೇಮಿಸಲಿ,
ಲೆಕ್ಕ ನೋಡಲಿ, ಬೆಲೆ ಕಟ್ಟಲಿ."

"ಮಾವುತನಿಗೆ ಆನೆಯೇ ಸಂಬಳ ಕೊಟ್ಟರೆ?"
ಹಿಂದಿನ ಬೆಂಚಿನಿಂದ ಗಫೂರ್ ಷರೀಫ.
ನಗು. ನಾನು ಬರೆದುಕೊಂಡೆ: (ನಗು).

ಅಷ್ಟರಲ್ಲಿ ಬತ್ತಿ ಕಪ್ಪಾಡಿತು.
ಮರಿಕಾಳ ಬಂದು ಗಾಜು ತೆಗೆದ,
ಅಂಗವಸ್ತ್ರದ ತುದಿಯಲ್ಲಿ ಹಿಡಿದು, ಬತ್ತಿಯ ಕರಿ ಚಿವುಟಿದ.
ನಮ್ಮ ಹಾಸ್ಟೆಲಿನ ಜವಾನ, ಗಾಣದ ಮನೆಯ ಹುಡುಗ,
ಎತ್ತು ಮಾರಿದ ಮೇಲೆ ಇಲ್ಲಿ ಸೇರಿದವನು.
ಜ್ವಾಲೆಗೆ ಹೇಳುವವನಂತೆ ಕೇಳಿದ:

"ಮೂವತ್ನಾಕು ಮಾಡವ್ರೆ ಅಂದ್ರಲ್ಲ ಬುದ್ದಿ,
ಆ ಮೂವತ್ನಾಕಕ್ಕೆ ಯಜಮಾನ್ರು ಎಷ್ಟ್ ಜನ?"

ಸಂಪತ್ಕುಮಾರ ಪತ್ರಿಕೆ ತಿರುವಿದ. ಹಿಂದೆಮುಂದೆ ಮಾಡಿದ.
ಬಿಳಿಗಿರಯ್ಯ ನಶ್ಯದ ಡಬ್ಬಿ ಮುಚ್ಚಿದ.
ಅಧ್ಯಕ್ಷರು ಗಂಟೆ ಬಾರಿಸಿದರು:
"ಸದಸ್ಯರಲ್ಲದವರು ಮಾತಾಡುವಂತಿಲ್ಲ."

ಪರ ಹನ್ನೊಂದು. ವಿರುದ್ಧ ಒಂಬತ್ತು.
ತಟಸ್ಥ ಒಬ್ಬ, ಅದು ನಾನು.
ಖರ್ಚು: ದೀಪದೆಣ್ಣೆ ಒಂದೂವರೆ ಬಾಟ್ಲಿ,
ಎರಡಾಣೆ ಮೂರು ಕಾಸು.
ಪುಸ್ತಕದಲ್ಲಿ ಇಷ್ಟೇ ಇದೆ.
ಕೇಳಿದ್ದು ಇಲ್ಲ. ಗಂಟೆಯೂ ಇಲ್ಲ.

ಸಭೆ ಮುಗಿದು ದೀಪ ಅವನ ಕೈಯಲ್ಲಿ ಮುಂದೆ ಇಳಿಯಿತು.
ನಾವು ಗೋಡೆ ತಡವುತ್ತ, ಒಂದೊಂದೇ ಮೆಟ್ಟಿಲು,
ಆನೆಯವರು, ಅಂಕುಶದವರು, ಎಲ್ಲ,
ಒಬ್ಬರ ಹೆಗಲು ಒಬ್ಬರು ಹಿಡಿದು.

ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಹಿಡಿದು ನಿಲ್ಲಿಸಿದೆ:
ಅದೆಲ್ಲಿ ಓದಿದೆಯೋ, ಕಾಳ?

ಹಗ್ಗ ಬಿಡದೆ ನಕ್ಕ.
ಮುದ್ರೆ ಅಳಿಸದ ತಗಡಿನ ಡಬ್ಬವೇ ಅವನ ಕೊಡ;
ತುಂಬಿ ಮೇಲೆ ಬರುತ್ತಿತ್ತು.
"ಓದೋದೆಲ್ಲಿ ಬುದ್ದಿ.
ನಮ್ ಗಾಣಕ್ಕೆ ನಮ್ಮಪ್ಪ ಒಬ್ನೇ ಇದ್ದ.
ಅದುಕ್ಕೇ ಕೇಳ್ದೆ."