ಐದು ವ್ಯಾಟು

ವಾರದಲ್ಲಿ ಆರು ದಿನ ನನ್ನ ಪಾಲಿಗೆ ಹನ್ನೊಂದು ಸಾವಿರ ವೋಲ್ಟು.
ಕಂಬ ಹತ್ತು, ಜಂಪರ್ ಬಿಗಿ, ಇಳಿ,
ಪಂಪ್‌ಸೆಟ್ಟಿನವರ ಬೈಗುಳ ತಿನ್ನು.
ಏಳನೆಯ ದಿನ ಐದು ವ್ಯಾಟು.
ದೇವರ ಮನೆಯ ಜೀರೋ ಬಲ್ಬೂ
ಇದರ ಮೂರು ಪಟ್ಟು ಉಣ್ಣುತ್ತದೆ.

ಗುಳೇದಗುಡ್ಡದ ಹಿಂದಿನ ಏರು. ಪುಷ್ಯದ ಥಂಡಿ.
ಬಾಯಿ ತೆರೆದರೆ ಹೊಗೆ.
ಬೆನ್ನಿನ ಚೀಲದಲ್ಲಿ ಊಟದ ಡಬ್ಬಿಯಷ್ಟು ರೇಡಿಯೋ,
ಅದಕ್ಕಿಂತ ದೊಡ್ಡದೊಂದು ಊಟದ ಡಬ್ಬಿ:
ಸಜ್ಜಿ ರೊಟ್ಟಿ, ಮೂಗಿಗೇರುವ ಕರಿಂಡಿ.
ಹತ್ತು ಮೀಟರು ಚಿಲ್ಲರೆ ತಾಮ್ರದ ತಂತಿ,
ಜೋಳದ ಹೊಲದಲ್ಲಿ ಹಕ್ಕಿ ಹೊಡೆಯುವ ಕವಣೆ.

ಊರಲ್ಲೇ ಕೂತು ಮಾಡಬಹುದಲ್ಲ ಅನ್ನುತ್ತಾಳೆ ಹೆಂಡತಿ.
ಆಗದು.
ಊರಲ್ಲಿ ಕಿವಿತುಂಬ ಗೊರಗೊರ,
ನಾನೇ ಎಳೆದ ತಂತಿ, ನಾನೇ ಕೂರಿಸಿದ ಟಿ.ಸಿ.
ನಾನು ಕೊಟ್ಟ ಕರೆಂಟೇ ನನ್ನನ್ನು ಕಿವುಡು ಮಾಡಿದೆ.

ಕೋಟೆಗೋಡೆ ಸೀಳಿ ಬೆಳೆದ ಬಸರಿಗಿಡಕ್ಕೆ
ದಾರ ಕಟ್ಟಿದ ಕಲ್ಲು ಬೀಸಿದವನು ಮುರಿಗೆಪ್ಪ.
ಮೊದಲನೆಯದು ಗೋಡೆಗೆ ಬಡಿಯಿತು.
ಎರಡನೆಯದು ಸೀತಾಫಲದ ಪೊದೆಯೊಳಗೆ,
ಬುರ್ಲಿಯೊಂದು ಬೈದುಕೊಳ್ಳುತ್ತ ಹಾರಿತು.
ಮೂರನೆಯದು ಟೊಂಗೆ ದಾಟಿತು.

ಖಣ ನೇಯುವವನು ಮುರಿಗೆಪ್ಪ,
ನನಗಿಂತ ಹದಿನೆಂಟು ವರ್ಷ ಹಿರಿಯ.
ನಾನು ನಾಲ್ಕು ತಿಂಗಳು ತಿಣುಕಿ ಕಲಿತ ಕಟ್ಟು-ಕಡ
ಅವನಿಗೆ ಹದಿನೈದೇ ದಿನಕ್ಕೆ ಬಂತು.
'ಕಾಲಾಗ ಹಲಗಿ, ಕೈಯಾಗ ಲಾಳಿ,
ನನಗಿದೇನ್ ಹೊಸಾದು?'
ಪರೀಕ್ಷೆಗೆ ಮಾತ್ರ ಹೋಗಲಿಲ್ಲ. ಫಾರ್ಮು ಇಂಗ್ಲಿಷಿನಲ್ಲಿತ್ತು.

ಒಂಬತ್ತನೇ ಇಯತ್ತೆಯಲ್ಲಿ ಪ್ರಸ್ತಾರ ಹಾಕಲು ಬಾರದೆ
ಬೆಂಚಿನ ಮೇಲೆ ನಿಂತವನು ನಾನು.
ಈಗ ಬಂಡೆಯ ಮೇಲೆ ಕೂತು ಬಡಿಯುತ್ತೇನೆ:
ಗುರು ಲಘು ಗುರು ಲಘು,
ಗುರು ಗುರು ಲಘು ಗುರು.
ಯಾರಾದರೂ ಇದ್ದೀರಾ.
ಗುರು ಲಘು ಗುರು ಲಘು.
ಬೆರಳು ಮರಗಟ್ಟಿ ಒಂದು ಲಘು ಜಾಸ್ತಿಯಾಯಿತು,
ಮತ್ತೆ ಮೊದಲಿಂದ.

ಕೆಳಗೆ ಊರು ಕಾಣುತ್ತದೆ, ತಗಡು, ನೀರಿನ ಟಾಕಿ,
ನಮ್ಮನೆಯ ಮಾಳಿಗೆಯಲ್ಲಿ ಒಣಹಾಕಿದ ಕೆಂಪು ಸೀರೆ.
ಅಲ್ಲಿಗೆ ಇದು ಕೇಳದು.
ಹೋದ ಕರೆ ಬಾಗಲಕೋಟೆ ಹಾರಿ, ವಿಜಯಪುರ ಹಾರಿ,
ಮುಗಿಲಾಚೆ ಎಲ್ಲೋ ತಲೆ ಬಡಿದುಕೊಂಡು
ಗೊತ್ತಿಲ್ಲದವರ ಅಂಗಳಕ್ಕೆ ಬೀಳುತ್ತದೆ.
ಹತ್ತಿರದವರಿಗೆ ಕೇಳದಂತೆ ಕೂಗುವ ಕಸುಬು.
ಹೆಂಡತಿಗೆ ಇದನ್ನು ವಿವರಿಸಲು ಹೋಗಿ ಒಮ್ಮೆ ಪೆಟ್ಟು ತಿಂದಿದ್ದೇನೆ.

ಮುಕ್ಕಾಲು ತಾಸು. ಬರೀ ಸುಯ್ಯೆನ್ನುವ ಗಾಳಿ,
ಹೊರಗೊಂದು, ಇಯರ್‌ಫೋನಿನೊಳಗೊಂದು.
ಮುರಿಗೆಪ್ಪ ರೊಟ್ಟಿ ಮುರಿದ.
ಆ ಸದ್ದಿನ ಹಿಂದೆಯೇ
ಸೂಜಿ ಬಿದ್ದಷ್ಟು ತೆಳ್ಳಗೆ, ನನ್ನ ಹೆಸರು.

ಕಜಕಸ್ತಾನದ ಸೆರಿಕ್.
ನನ್ನ ದನಿಗೆ ಅವನು ಕೊಟ್ಟ ಅಂಕ ಮೂರು, ಮೂರು, ಒಂಬತ್ತು.
ಇರುವುದನ್ನೇ ಹೇಳಿದ, ಪುಣ್ಯಾತ್ಮ.
ಅಲ್ಲಿ ಮೈನಸ್ ಇಪ್ಪತ್ತೊಂದಂತೆ.
ಇಲ್ಲಿ ಹನ್ನೊಂದು ಎಂದು ಕಳಿಸಲು ನಾಚಿಕೆಯಾಗಿ
ಸ್ವೆಟರಿನ ಗುಂಡಿ ಒಂದು ಬಿಚ್ಚಿದೆ.
ಒಂದು ಇಯರ್‌ಫೋನು ಮುರಿಗೆಪ್ಪನ ಕಿವಿಗೆ.
ಕಣ್ಣು ಮುಚ್ಚಿ ಕೇಳಿದ, ಮಗ್ಗದ ಎಳೆ ಹಿಡಿದು ನೋಡುವಂತೆ.
'ಎಡಗೈಯವ. ವಯಸ್ಸಾಗೇತಿ.
ಸಾಲಿನ ಕೊನೀಗೆ ದಣೀತಾನ.'

ದನಿ ಏಳುತ್ತ ಮುಳುಗುತ್ತ
ಬೀಳ್ಕೊಡುವ ಅಂಕಿ ಬಂತು, ಏಳು ಮತ್ತು ಮೂರು:
ಎರಡು ಗುರು ಮೂರು ಲಘು,
ಮೂರು ಲಘು ಎರಡು ಗುರು.
ಮುರಿಗೆಪ್ಪ ಕಣ್ಣು ತೆರೆದ.
'ಇದು ನಮ್ಮ ಖಣದ ದಡಿ ಅಲ್ಲೇನ?
ಎಡಕ್ಕ ಹೆಂಗ, ಬಲಕ್ಕ ಹಂಗ.'
ಇಷ್ಟು ವರ್ಷ ಬಡಿದರೂ ನನಗದು ಕಂಡಿರಲಿಲ್ಲ.

ವಹಿಯಲ್ಲಿ ಬರೆದುಕೊಂಡೆ. ಇಲ್ಲಿ ಒಂಬತ್ತು ನಲವತ್ತು,
ರೇಡಿಯೋದವರ ಗಡಿಯಾರದಲ್ಲಿ ನಾಲ್ಕು ಹತ್ತು.
ಅಷ್ಟರಲ್ಲಿ ಫೋನು: ಫೀಡರ್ ಟ್ರಿಪ್ ಆಗೇತಿ, ಎಲ್ಲಿದ್ದೀ?
ಗುಡ್ಡದಾಗ ಅಂದೆ.
ತಂತಿಯನ್ನು ಮೊಣಕೈಗೆ ಲಡಿ ಸುತ್ತಿದ ಮುರಿಗೆಪ್ಪ.
ಟೊಂಗೆಗೆ ಸಿಕ್ಕ ಕಲ್ಲು ಮಾತ್ರ ಇಳಿಯಲಿಲ್ಲ.
ಎರಡು ಸಲ ಜಗ್ಗಿ, ದಾರ ಕಚ್ಚಿ ಕಡಿದ.
ಕರಿಂಡಿ ಇನ್ನೂ ಉಳಿದಿತ್ತು. ಇಳಿಯುತ್ತ ಬೆರಳಲ್ಲೇ ನೆಕ್ಕಿದೆವು.