ಐದು ದಿನದ ನೀರು

ದ್ವಾರ್ನೆನೇ ಬಂದರಿನ ದೋಣಿ ಷೆಡ್ಡಿನಲ್ಲಿ
ಅಗಸೆ ನಾರಿನ ಬಟ್ಟೆಯನ್ನು ಅಝೆನೋರ್
ಅಡುಗೆ ಸೋಡಾ ನೀರಲ್ಲಿ ನೆನೆಹಾಕಿದ್ದಾಳೆ,
ನಾಳೆಗೆ ಕಾಳು ನೆನೆಹಾಕಿದಂತೆ.

‘ಕೇಕಿಗೋ, ದೋಣಿಗೋ?’ ಗುಲ್ವೆನ್ ನಗುತ್ತಾನೆ.

ಅವನ ಕಾಲಕ್ಕೆ ಕಾಸ್ಟಿಕ್ ಸೋಡಾ.
ಅರ್ಧ ಗಂಟೆಗೆ ಕೆಲಸ ಮುಗಿಯಿತು, ತೊಳೆದ ನೀರು ಕೊಲ್ಲಿಗೆ.
ಎಡಗೈಯ ಮೂರು ಬೆರಳಲ್ಲಿ ಈಗ ಗೆರೆಗಳಿಲ್ಲ;
ಫೋನು ಅವನ ಗುರುತು ಹಿಡಿಯುವುದಿಲ್ಲ.

ನಾರಿಗೆ ನೀರಿನ ಮೋಹ,
ರಾಳಕ್ಕೆ ನೀರೆಂದರಾಗದು.
ನಡುವೆ ಹೊಲದಿಂದ ಬಂದ ಮೇಣ,
ತೆಳ್ಳಗೆ, ತವರಿನ ಹಟ.

ಐದನೆಯ ದಿನ ನೀರು ಚಹದ ಬಣ್ಣ.
ತೊಳೆದು ಒಣಗಿಸಿ
ಒಂದು ಎಳೆಯ ಮೇಲೆ ಉಗುರೆಳೆದಳು:
ಒರಟು.
ಅಂಟಿಗೀಗ ಕಚ್ಚಿಕೊಳ್ಳಲು ಏನೋ ಇದೆ.

ಗುಲ್ವೆನ್ ಕೈ ಚಾಚಿದ.
ಆ ಬೆರಳುಗಳಿಗೆ ತಿಳಿಯಲಿಲ್ಲ.
ಬಟ್ಟೆಯನ್ನೆತ್ತಿ
ಕೆನ್ನೆಗೊತ್ತಿಕೊಂಡ, ತುಸು ಹೊತ್ತು.

ಹೂಂ, ಎಂದ.